ಬಲತುದಿಯ ಹಿರಿಯರು

ತಲೆಯ ಮೇಲೊಂದು ಸೂರಿಲ್ಲದವನಿಗೆ ಊರಿನ ಬಾಗಿಲುಗಳೆಲ್ಲ ಮುಖ ತಿರುಗಿಸಿಕೊಂಡಂತೆ ಕಾಣುತ್ತವೆ. ಜಾಂಬಿಯಾದಿಂದ ಘಾನಾಕ್ಕೆ ಓದಲು ಬಂದಿಳಿದ ಮುಟಾಲೆಗೆ ಕುಮಾಸಿ ಪಟ್ಟಣ ಮೊದಲ ದಿನವೇ ಹಾಗೆ ಕಂಡಿತು. ಹಾಸ್ಟೆಲ್ ಭರ್ತಿಯಾಗಿತ್ತು. ಸಂಜೆಯೊಳಗೆ ರೂಮು ಸಿಗದಿದ್ದರೆ ಬಸ್ ನಿಲ್ದಾಣವೇ ಗತಿ.

"ಅಡೊಮಾಕೊ ಯಜಮಾನರ ಮನೇಲಿ ರೂಮಿದೆ," ಎಂದಳು ರಸ್ತೆಬದಿ ಬಾಳೆಕಾಯಿ ಕರಿಯುತ್ತಿದ್ದ ಸೆರ್ವಾ. "ಆದ್ರೆ ಅವರಣ್ಣ ತೀರ್ಕೊಂಡಿದ್ದಾರೆ."

"ಹಾಗಾದ್ರೆ ನಾಳೆ ಕೇಳ್ತೀನಿ ಅಕ್ಕಾ."

"ನಾಳೆ ಇನ್ನೊಬ್ಬ ಕೇಳ್ತಾನೆ. ನಡಿ ನನ್ನ ಜೊತೆ. ಸಾವಿನ ಮನೇಲಿ ಬಲಗಡೆಯಿಂದ ಶುರು ಮಾಡಿ, ಕೂತೋರಿಗೆಲ್ಲ ಕೈ ಕುಲುಕು. ಬಿಡೋವಾಗ ಇಬ್ಬರ ಬೆರಳೂ ಸೇರಿ ಚಿಟಿಕೆ ಹೊಡೀಬೇಕು. ಒಬ್ಬರನ್ನ ಬಿಟ್ರೂ ಅವಮಾನ. ಸತ್ತೋರಿಗೆ ಮಾತ್ರ ತಲೆ ಬಾಗಿಸು, ಸಾಕು."

"ಅವರು ಪೆಟ್ಟಿಗೇಲಿ ಇರ್ತಾರಲ್ವಾ?"

"ಪೆಟ್ಟಿಗೆ ನಾಳೆಗೆ. ಇವತ್ತು ಎಲ್ಲರ ಜೊತೆ ಕುರ್ಚೀಲಿ ಕೂತಿರ್ತಾರೆ."

"ಗುರುತು ಹಿಡಿಯೋದು ಹೇಗೆ?"

"ಕಾಲೇಜಿಗೆ ಬೇರೆ ಬಂದಿದ್ದೀಯ. ಅಲ್ಲಾಡದೇ ಇರೋರು ಸತ್ತೋರು."

ಯಜಮಾನರ ಅಂಗಳದಲ್ಲಿ ಕಪ್ಪು, ಕೆಂಪು ಬಟ್ಟೆ ಹೊದ್ದ ಮುದುಕರು ಸಾಲಾಗಿ ಕೂತಿದ್ದರು. ಮಟಮಟ ಮಧ್ಯಾಹ್ನ, ಒಂದೆಲೆಯೂ ಅಲುಗದು. ಎಲ್ಲೋ ಒಳಗೆ ಡೋಲು, ಬಡಿಯುವುದನ್ನು ಮರೆತು ಮರೆತು ನೆನಪಿಸಿಕೊಳ್ಳುವ ಎದೆಯಂತೆ, ಆಗೊಮ್ಮೆ ಈಗೊಮ್ಮೆ ಗುದ್ದುತ್ತಿತ್ತು.

ಬಲತುದಿಯಲ್ಲಿ ಕಪ್ಪು ಕನ್ನಡಕದ ಹಿರಿಯರೊಬ್ಬರು. ಮುಟಾಲೆ ಕೈ ಕುಲುಕಿದ. ಚಿಟಿಕೆ ಟಪ್ಪೆಂದು ಕೇಳಿಸಿತು. ಧೈರ್ಯ ಬಂತು. ಮುಂದಿನವರು, ಅದರ ಮುಂದಿನವರು, ಟಪ್ ಟಪ್. ನಡುವಿನ ಕುರ್ಚಿಗೆ ಬಂದವನು ಥಟ್ಟನೆ ನಿಂತ. ಅಲ್ಲೊಬ್ಬರು ಒಣಗಿದ ಮೀನಿನಂತೆ ಬಾಯಿ ತೆರೆದು ಸೆಟೆದು ಕೂತಿದ್ದರು. ತುಟಿಯ ಮೇಲೆ ನೊಣ ಓಡಾಡುತ್ತಿತ್ತು.

ಮುಟಾಲೆ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿದ. "ನೆಮ್ಮದಿಯಾಗಿ ಹೋಗಿ ಅಜ್ಜಾ. ಆ ಕಡೆ ಒಳ್ಳೇ ಜಾಗ ಸಿಗಲಿ."

ಹೆಣ ಕಣ್ಣು ಬಿಟ್ಟಿತು. "ಯಾವ ಕಡೆ?"

ಮುಟಾಲೆ ಪಕ್ಕದ ಮುದುಕರ ಮಡಿಲಿಗೆ ಬಿದ್ದ.

"ಅಯ್ಯೋ ಪಾಪಿ, ನಿಂಗೆ ರೂಮು ಕೊಡಬೇಕಾದ ಅಡೊಮಾಕೊ ಯಜಮಾನರೇ ಅವರು," ಎಂದು ಸೆರ್ವಾ ಹಣೆ ಚಚ್ಚಿಕೊಂಡಳು.

"ರಾತ್ರಿಯೆಲ್ಲ ಅಳೋರನ್ನ ಸುಧಾರಿಸಿ ಈಗ ಕಣ್ಣು ಮುಚ್ಚಿದ್ದೆ," ಎಂದು ಯಜಮಾನರು ಗುಡುಗಿದರು. "ನನ್ನನ್ನೇ ಹೂಳೋಕೆ ಬಂದ ಇವನಿಗೆ ರೂಮು ಬೇಕಂತೆ. ಆಚೆ ಹಾಕ್ರೋ."

"ತಪ್ಪಾಯ್ತು ಅಜ್ಜಾ. ಎಲ್ಲರೂ ಅಲ್ಲಾಡ್ತಾ ಇದ್ರು. ಹಾಗಾದ್ರೆ ತೀರ್ಕೊಂಡೋರು ಯಾರು?"

ಒಬ್ಬ ಮುದುಕ ಬಲತುದಿಗೆ ಬೆರಳು ತೋರಿಸಿದ. "ಮೊದಲು ಅವರ ಕೈಯನ್ನೇ ಹಿಡಿದೆಯಲ್ಲಪ್ಪ. ಪರದೇಶದವನು, ಭಕ್ತಿ ಜಾಸ್ತಿ ಅಂದ್ಕೊಂಡ್ವಿ."

ಮುಟಾಲೆ ತನ್ನ ಬೆರಳುಗಳನ್ನು ನೋಡಿಕೊಂಡ. "ಅವರು ಚಿಟಿಕೆ ಹೊಡೆದ್ರು."

ಡೋಲು ನಿಂತಿತು. ಸತ್ತವರ ಪಕ್ಕದ ಕುರ್ಚಿಯವನು, "ಹೌದು, ನನಗೂ ಕೇಳಿಸ್ತು," ಎಂದು ಕುರ್ಚಿಯನ್ನು ಮೆಲ್ಲಗೆ ದೂರ ಸರಿಸಿಕೊಂಡ.

ಯಜಮಾನರು ಅಣ್ಣನ ಕಡೆ ತಿರುಗಿದರು. ಆಮೇಲೆ ದನಿ ತಗ್ಗಿಸಿ, "ಅಣ್ಣ ಕೈ ಹಿಡಿದ ಮೇಲೆ ನನ್ನದೇನೂ ನಡೆಯೋದಿಲ್ಲ. ಹುಡುಗನಿಗೆ ರೂಮು ಕೊಡಿ," ಎಂದರು.

ಮುಟಾಲೆಗೆ ಹೋದ ಜೀವ ಬಂದಂತಾಯಿತು. "ಯಾವ ರೂಮು ಅಜ್ಜಾ?"

"ಅಣ್ಣಂದೇ. ನಾಳೆ ಮಣ್ಣು ಮಾಡೋವರೆಗೆ ಅವನೂ ಅಲ್ಲೇ ಇರ್ತಾನೆ. ಜೊತೆಗೆ ಒಬ್ಬರು ಮಲಗಬೇಕು ನಮ್ಮಲ್ಲಿ. ಮನೆಯವರು ಯಾರೂ ಒಪ್ಪಿರಲಿಲ್ಲ."

ಸೆರ್ವಾ ಅವನ ಬೆನ್ನು ತಟ್ಟಿದಳು. "ಹೆದರಬೇಡ ಕಣೋ. ಪುಣ್ಯಾತ್ಮ ಬದುಕಿದ್ದಾಗಲೂ ಗೊರಕೆ ಹೊಡೆದೋರಲ್ಲ."