ಮಲಗಿಕೊಂಡೇ ಪೊಲೀಸ್ ಕೆಲಸಕ್ಕೆ ಹೋದವಳು

ನಮ್ಮ ಕಡೆಯ ಪೊಲೀಸ್ ಇಲಾಖೆಯಲ್ಲಿ ಸಂಬಳ, ರಜೆ, ಯೂನಿಫಾರ್ಮು ಒಂದೂ ಇಲ್ಲದೆ ವರ್ಷಗಟ್ಟಲೆ ಕೆಲಸ ಮಾಡಿದವರು ಒಬ್ಬರೇ ಒಬ್ಬರು. ನನ್ನ ಹೆಂಡತಿಯ ತಂಗಿ. ಈ ವಿಷಯ ಇಲಾಖೆಗೆ ಮಾತ್ರ ಗೊತ್ತಿರಲಿಲ್ಲ!

ಹೆಸರು ಹೇಳುವುದಿಲ್ಲ. ಹೇಳಿದರೆ, ಯಾರ ಅನುಮತಿ ತೆಗೆದುಕೊಂಡು ಹೇಳಿದಿರಿ ಎಂದು ಕೇಳಿಯೇ ಕೇಳುತ್ತಾಳೆ. ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೆಯೂ ಅವಳೂ ಕೆರಾಡಿ ಹತ್ತಿರದ ನಮ್ಮ ಮನೆಗೇ ಬಂದರು. ಆಗ ಅವಳು ಮೂರನೇ ಕ್ಲಾಸು. ಬೆಳೆದು ಪಿಯುಸಿ ಮುಗಿಸಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ನಾನು ಐದನೆಯದಕ್ಕೇ ಶಾಲೆ ಬಿಟ್ಟವನು. ಕಲ್ಲು ಹೊತ್ತು, ಲಾರಿ ತೊಳೆದು, ಕೊನೆಗೆ ಸ್ವಂತ ಗೂಡ್ಸ್ ಟೆಂಪೋ ತೆಗೆದವನು. ಯಾರ ಬಾಗಿಲಲ್ಲೂ ಕೆಲಸ ಕೊಡಿ ಎಂದು ಅರ್ಜಿ ಹಿಡಿದು ನಿಂತವನಲ್ಲ. ಅದೊಂದು ಜಂಬ ನನಗೆ ಈಗಲೂ ಇದೆ. ಅವಳೋ? ಪೊಲೀಸ್ ಕೆಲಸಕ್ಕೆ ಕರೆದಾಗಲೆಲ್ಲ ಅರ್ಜಿ!

"ಬ್ಯಾಡ ಅಂದವ್ರ ಬಾಗ್ಲಿಗೇ ಮತ್ತೆ ಮತ್ತೆ ಹ್ವಾಪುದಾ? ಮರ್ಯಾದಿ ಇಲ್ಯಾ ನಿಂಗೆ?" ಎಂದು ಒಮ್ಮೆ ಕೇಳಿದ್ದೆ.

"ಅವ್ರ್ ಬ್ಯಾಡ ಅಂದದ್ದ್ ನನ್ನನ್ನಲ್ಲ ಭಾವ," ಎಂದಳು, "ಕಮ್ಮಿ ಬಿದ್ದ ಅರ್ಧ ಸೆಂಟಿಮೀಟರನ್ನ."

ಹೌದು, ಎತ್ತರ ಅರ್ಧ ಸೆಂಟಿಮೀಟರ್ ಕಡಿಮೆ. ಬುದ್ಧಿ, ಕಾಲು, ಗಂಟಲು ಎಲ್ಲ ಇಲಾಖೆ ಕೇಳಿದ್ದಕ್ಕಿಂತ ಜಾಸ್ತಿಯೇ ಇತ್ತು. ಗಂಟಲಂತೂ ಇಡೀ ಠಾಣೆಗೆ ಸಾಕು!

ಅವಳ ತನಿಖೆ ಹೇಗಿರುತ್ತಿತ್ತು ಎಂದು ಒಂದು ಹೇಳುತ್ತೇನೆ. ನಾನು ಪ್ರೀತಿಯಿಂದ ಸಾಕಿದ್ದ ಒಂದು ಕೆಂಪು ಹೇಂಟೆ ಕೋಳಿ ಇತ್ತು. ಕೊಲ್ಲೂರಿಗೆ ಲೋಡು ಹೊಡೆದು ಸಂಜೆ ಬಂದರೆ ಹೇಂಟೆ ಇಲ್ಲ. "ಕಾಣಿಸುದಿಲ್ಲ ಮರ್ರೆ, ನರಿ ಹಿಡಿತೋ ಎಂತೋ," ಎಂದಳು ಹೆಂಡತಿ. ನಾದಿನಿ ನೋಟ್‌ಬುಕ್ ತೆಗೆದಳು. ನೆರೆಮನೆಯವರು, ಹಾಲಿನವರು, ಕೊನೆಗೆ ಹಾಸಿಗೆ ಹಿಡಿದಿದ್ದ ಅತ್ತೆ, ಎಲ್ಲರ ಹೇಳಿಕೆಯನ್ನೂ ಬರೆದುಕೊಂಡಳು. ಎರಡೇ ದಿನ! ನರಿಯೂ ಇಲ್ಲ, ಗಿರಿಯೂ ಇಲ್ಲ. ಮೊಟ್ಟೆ ನಿಲ್ಲಿಸಿದ ಹೇಂಟೆಗೆ ದಿನವೂ ಅಕ್ಕಿ ಹಾಕುವುದು ದಂಡ ಎಂದು ನನ್ನ ಹೆಂಡತಿಯೇ ಸಾರು ಮಾಡಿದ್ದಳು. ಸಾರು ಉಂಡವರ ಪಟ್ಟಿಯನ್ನು ನಾದಿನಿ ನನ್ನ ಮುಂದೆ ಹಿಡಿದಳು. ಅದರಲ್ಲಿ ಮೂರನೆಯ ಹೆಸರು ಯಾರದ್ದು ಅಂತೀರಿ? ಅವಳದ್ದೇ!

"ನೀನೂ ಉಂಡಿದ್ಯಾ?"

"ಅಂಗಡಿ ಕೋಳಿ ಅಂದೇಳಿ ಉಂಡದ್ದ್. ಆದ್ರೂ ಉಂಡದ್ದ್ ಉಂಡದ್ದೇ ಅಲ್ದಾ ಭಾವ?"

ತನ್ನ ಮೇಲೆ ತಾನೇ ಕೇಸು ಬರೆದುಕೊಂಡ ಪೊಲೀಸರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ.

ಕಡೆಯ ಸಲ ಅರ್ಜಿ ಹಾಕಿದಾಗ ಅವಳ ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು. ಆ ಸಲ ಆಗದಿದ್ದರೆ ಇನ್ನಿಲ್ಲ. ಬರೆಯುವ ಪರೀಕ್ಷೆ ಪಾಸಾಯಿತು. ಉಳಿದದ್ದು ಓಟ, ಜಿಗಿತ ಮತ್ತು ಆ ಹಾಳು ಅಳತೆ. ಹಿಂದಿನ ದಿನ ನನ್ನ ಹತ್ತಿರ ಬಂದು ನಿಂತಳು.

"ಭಾವ, ಮನ್ಷ್ರ್ ಮಲ್ಕಂಡ್ ಏಳುವತಿಗೆ ಒಂಚೂರ್ ಉದ್ದ ಇರ್ತ್ರ್. ನಿಂತ್ರೆ, ಕೂತ್ರೆ ಕುಗ್ಗ್ತ್ರ್. ನಂಗೆ ಗ್ರೌಂಡಿನ ತನಕ ಮಲ್ಕಂಡೇ ಹೋಯ್ಕ್."

ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಬೆಳಕು ಹರಿಯುವಾಗ ನಮ್ಮ ಟೆಂಪೋದ ಹಿಂದುಗಡೆ ಹಾಸಿಗೆ ಬಿದ್ದಿತ್ತು! ತಲೆದಿಂಬು ಇಲ್ಲ, ಕುತ್ತಿಗೆ ಬಗ್ಗಿದರೆ ಉದ್ದ ಹೋಗುತ್ತದಂತೆ. ಹೆಂಡತಿ ಪಕ್ಕದಲ್ಲಿ ಕೂತು ಅವಳು ಹೊರಳದಂತೆ ಹಿಡಿದುಕೊಂಡಳು. ಸಿದ್ದಾಪುರದ ಕಡೆಯಿಂದ ಬಂದ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿದರು. ಕುಂದಾಪುರದಲ್ಲಿ ಒಬ್ಬರು ಹಿರಿಯರು ಚಪ್ಪಲಿ ಕಳಚಿ ಕೈಮುಗಿದೇ ಬಿಟ್ಟರು, ಪಾಪ. ಇವಳು ಮಲಗಿದಲ್ಲಿಂದಲೇ ಕೈಬೀಸಿದಳು. ಅವರ ಎದೆ ನಿಲ್ಲದಿದ್ದದ್ದು ನಮ್ಮ ಪುಣ್ಯ!

ಬ್ರಹ್ಮಾವರದ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು. "ಏನ್ರೀ, ಪೇಷಂಟಾ?"

"ಹೌದು ಸರ್, ತುಂಬಾ ಹುಷಾರಿಲ್ಲ," ಎಂದೆ ನಾನು, ಮುಖ ಸಣ್ಣದು ಮಾಡಿ.

ಹಿಂದಿನಿಂದ ಗುಡುಗು. "ಸುಳ್ಳ್ ಹೇಳ್ಬೇಡಿ ಭಾವ! ಪೇಷಂಟ್ ಅಲ್ಲ ಸರ್, ಕ್ಯಾಂಡಿಡೇಟ್!" ಎಂದವಳೇ ತಲೆ ಎತ್ತದೆ, ಮಲಗಿದಲ್ಲಿಯೇ ಒಂದು ಸೆಲ್ಯೂಟ್ ಹೊಡೆದಳು. "ಗೂಡ್ಸ್ ಗಾಡಿಯೊಳ್ಗೆ ಜನ ಹಾಕ್ಕಂಡ್ ಬಂದದ್ದ್ ತಪ್ಪೇ. ದಂಡ ಹಾಕಿ ಸರ್. ಒಂಚೂರ್ ಬೇಗ ಹಾಕಿ, ಎಂಟ್ ಗಂಟಿಗೆ ನನ್ನ ಅಳತೆ ಇತ್ತ್."

ಆ ಪೊಲೀಸರು ಸೆಲ್ಯೂಟ್ ವಾಪಸು ಕೊಡಲೋ ಬೇಡವೋ ಎಂದು ತಿಳಿಯದೆ ಅರ್ಧ ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡರು. ದಂಡ ಮಾತ್ರ ಹಾಕಿದರು.

ಮೈದಾನದ ಗೇಟಿನಿಂದ ಅಳತೆಯ ಕಂಬದವರೆಗೆ ನಡೆಯಲೇಬೇಕಿತ್ತು. ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡವಳ ಹಾಗೆ, ಒಂದು ತೊಟ್ಟೂ ತುಳುಕದಂತೆ ನಡೆದಳು. ನಾವಿಬ್ಬರೂ ಗೇಟಿನ ಸರಳು ಹಿಡಿದು ನಿಂತಿದ್ದೆವು. ಕಂಬಕ್ಕೆ ಬೆನ್ನು ಕೊಟ್ಟಳು. ಪಟ್ಟಿ ಇಳಿಯಿತು. ಅಳೆಯುವವರು ಒಮ್ಮೆ ನೋಡಿ, ಮತ್ತೊಮ್ಮೆ ನೋಡಿ, ಬರೆದುಕೊಂಡರು. ಬೇಕಾದದ್ದಕ್ಕಿಂತ ಒಂದು ಕೂದಲೆಳೆ ಜಾಸ್ತಿ! ಆಮೇಲೆ ಓಟದಲ್ಲಿ ಅವಳು ಓಡಿದ್ದನ್ನು ನಾನು ಸರಿಯಾಗಿ ನೋಡಲಿಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು.

ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂತು. ಇನ್ನು ಕತೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಖಾಕಿ ಹಾಕಿದವರು ಬಂದು ಯಾರ ಹೆಸರು ಹಿಡಿದು ಕೇಳಿದರೂ, ಆ ಹೆಸರಿನವರು ನಮ್ಮೂರಲ್ಲಿ ಹುಟ್ಟೇ ಇಲ್ಲ! ಅದು ಸುಳ್ಳಲ್ಲ, ನೆರೆಕರೆಯ ಧರ್ಮ. ಒಂದು ದಿನ ನಾನು ಪೇಟೆಯಲ್ಲಿ ಟಯರ್ ಬಿಚ್ಚುತ್ತಿದ್ದಾಗ ಒಬ್ಬರು ಪೊಲೀಸರು ಬೈಕ್ ನಿಲ್ಲಿಸಿ ನನ್ನ ನಾದಿನಿಯ ಹೆಸರು ಹೇಳಿ, "ಇವ್ರು ಹೇಗೆ ಜನ?" ಎಂದು ಕೇಳಿದರು. ಹಿಂದಿನ ವಾರವಷ್ಟೇ ಅವಳು ಶಾಲೆಯೆದುರು ಬುರ್ರನೆ ಬಂದ ಲಾರಿಗೆ ಅಡ್ಡ ನಿಂತು ನಂಬರು ಬರೆದುಕೊಂಡಿದ್ದಳು. ಆ ಲಾರಿಯವರೇ ಕಂಪ್ಲೇಂಟ್ ಕೊಟ್ಟಿರಬೇಕು!

"ಆ ಹೆಸ್ರಿನವ್ರ್ ನಂಗೆ ಗೊತ್ತೇ ಇಲ್ಲ ಸರ್," ಎಂದೆ.

ಪಕ್ಕದ ಅಂಗಡಿಯವ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡ. "ನಾನೂ ಕೇಂಡದ್ದಿಲ್ಲ," ಎಂದ. ಬೀಡಿ ಎಲೆ ತರಲು ಬಂದಿದ್ದ ನಮ್ಮ ನೆರೆಮನೆಯ ಅಜ್ಜಿಯಂತೂ, "ಇದ್ದಿತ್ತಪ್ಪ ಒಂದ್ ಹೆಣ್ಣ್. ಬೊಂಬಾಯಿಗೆ ಹೋಯಿ, ಮದಿ ಆಯಿ, ಮೂರ್ ಮಕ್ಳ್ ಈಗ," ಎಂದು ಒಂದು ಸಂಸಾರವನ್ನೇ ಕಟ್ಟಿಕೊಟ್ಟರು! ಪೊಲೀಸರು ಎಲ್ಲವನ್ನೂ ಬರೆದುಕೊಂಡು ಹೋದರು.

ಮನೆಗೆ ಬಂದು ಎದೆಯುಬ್ಬಿಸಿ ಹೇಳಿದೆ. ಊಟ ಮಾಡುತ್ತಿದ್ದವಳ ಕೈ ಬಟ್ಟಲಲ್ಲೇ ನಿಂತಿತು.

"ಭಾವ, ಅವ್ರ್ ಬಂದದ್ದ್ ವೆರಿಫಿಕೇಶನ್ನಿಗೆ. ನಾನ್ ಇಲ್ಲೇ ಇಪ್ಪುದಾ, ಒಳ್ಳೆಯವ್ಳಾ ಅಂದೇಳಿ ಕೇಂಬುಕೆ. ಅದ್ ಸರಿ ಬರ್ದೆ ಆರ್ಡರ್ ಬತ್ತಿಲ್ಲ."

ಬೈಯಲಿಲ್ಲ. ನೋಟ್‌ಬುಕ್ ತೆಗೆಯಲಿಲ್ಲ. ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಇಷ್ಟು ವರ್ಷದಲ್ಲಿ ಅವಳು ಅನ್ನ ಬಿಟ್ಟು ಎದ್ದದ್ದು ನಾನು ಕಂಡಿರಲಿಲ್ಲ.

ಮರುದಿನ ನಾನು, ಅಂಗಡಿಯವ, ಅಜ್ಜಿ, ಅವಳು ಎಲ್ಲ ಬಸ್ಸು ಹತ್ತಿ ಠಾಣೆಗೆ ಹೋದೆವು. ಅಜ್ಜಿ ಮೆಟ್ಟಿಲಲ್ಲೇ ಶುರು ಮಾಡಿದರು, "ಬೊಂಬಾಯಿಗೆ ಹೋಯ್ಲಿಲ್ಲ ಸ್ವಾಮಿ, ಮಕ್ಳೂ ಇಲ್ಲ!"

ಸಾಹೇಬರು ನಗು ತಡೆದುಕೊಂಡರು. "ನಿನ್ನೆ ಇಲ್ಲದವಳು ಇವತ್ತು ಹೇಗೆ ಹುಟ್ಟಿದಳು? ಮೊದಲು ಗೊತ್ತಿಲ್ಲ ಅಂದವರು ಯಾರು?"

ನಾನು ಕೈ ಎತ್ತಿದೆ. ಒಂದು ಬಿಳಿ ಹಾಳೆ ನನ್ನ ಮುಂದೆ ಬಂತು. ನನ್ನ ಟೆಂಪೋದ ಕಾಗದ, ರೇಷನ್ ಕಾರ್ಡು, ಬ್ಯಾಂಕಿನ ಫಾರಂ, ಎಲ್ಲ ತುಂಬುತ್ತಿದ್ದವಳು ಅವಳೇ. ಅಭ್ಯಾಸದಂತೆ ಪೆನ್ನಿಗೆ ಕೈ ಚಾಚಿದಳು. "ನೀವಲ್ಲ. ಅವರೇ ಬರೀಲಿ," ಎಂದರು ಸಾಹೇಬರು.

ಬರೆದೆ. ಕಲ್ಲು ಹೊತ್ತಾಗಲೂ ಅಷ್ಟು ಬೆವರಿರಲಿಲ್ಲ. ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಸಾಹೇಬರು ಹಾಳೆ ಎತ್ತಿ ಎಲ್ಲರಿಗೂ ಕೇಳುವಂತೆ ಓದಿದರು:

"ಇವಳು ಮೂರನೇ ಕ್ಲಾಸಿನಿಂದ ನಮ್ಮ ಮನೆಯಲ್ಲಿ ಇದ್ದಾಳೆ. ಇವಳು ಯಾವತ್ತೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನಾನು. ಇವಳನ್ನು ಹಿಡಿದುಕೊಂಡು ಹೋದರೆ ನಮ್ಮ ಮನೆ ನಡೆಯುವುದಿಲ್ಲ ಎಂದು ಹೆದರಿ ಹೇಳಿದೆ."

ಸಾಹೇಬರು ಸೀಲು ಹೊಡೆದು, ಇವತ್ತೇ ಕಳಿಸುತ್ತೇನೆ ಎಂದರು. ಆರ್ಡರು ಬಂದದ್ದು, ಅವಳು ಟ್ರಂಕು ಹಿಡಿದು ಟ್ರೈನಿಂಗಿಗೆ ಹೋದದ್ದು ಆಮೇಲಿನ ಮಾತು. ಆ ಹೊತ್ತಿಗೆ ನಾನು ಅವಳ ಕಡೆ ತಿರುಗಿದೆ, ಬರೆದದ್ದರಲ್ಲಿ ತಪ್ಪೇನಾದರೂ ಹುಡುಕಿ ಬೈಯುತ್ತಾಳೆಂದು. ಅವಳು ನಮಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಬಹಳ ಹೊತ್ತು ಏನನ್ನೋ ಓದುತ್ತ ನಿಂತಿದ್ದಳು.

ಆ ಗೋಡೆಯ ಮೇಲೆ ಸುಣ್ಣ ಬಿಟ್ಟರೆ ಎಂತದೂ ಇರಲಿಲ್ಲ.