ಜಬೀವುಲ್ಲಾನ ನೀಲಿ ನೀರು

ಸಂತೆಗೆಂದು ಶಿರಾಳಕೊಪ್ಪಕ್ಕೆ ಬಂದ ಲೋಕಪ್ಪನ ಕುರಿಗಳು ಜಬೀವುಲ್ಲಾನ ಮನೆ ಮುಂದಿನ ಚರಂಡಿಗೆ ಇಳಿದಾಗ ಬೆಳ್ಳಗಿದ್ದವು. ಮೇಲೆ ಬಂದಾಗ ಹೊಟ್ಟೆಯವರೆಗೆ ನೀಲಿಯಾಗಿದ್ದವು.

ಜಬೀವುಲ್ಲಾ ನೂಲಿಗೆ ನೀಲಿ ಬಣ್ಣ ಹಾಕುವವನು. ನೂಲು ತೊಳೆದ ನೀರನ್ನು ಅವನಪ್ಪನ ಕಾಲದಿಂದಲೂ ಚರಂಡಿಗೇ ಬಿಡುತ್ತಿದ್ದರು.

"ಸಾಹೇಬ್ರೇ, ಇವನ್ನ ಸಂತ್ಯಾಗ ಏನಂತ ಮಾರ್ಲಿ? ನವಿಲು ಅಂತ ಕೂಗ್ಲಾ?" ಎಂದು ಲೋಕಪ್ಪ ಬಾಗಿಲಲ್ಲಿ ನಿಂತು ಕೇಳಿದ್ದೇ ತಡ, ಬೀದಿಗೆ ಬೀದಿಯೇ ನೆರೆಯಿತು. ತನ್ನ ಎಮ್ಮೆಯ ಹಾಲೂ ತುಸು ನೀಲಿಯಾಗಿದೆ ಎಂಬುದು ಎದುರುಮನೆ ತಾಯಮ್ಮನಿಗೆ ಆಗಲೇ ನೆನಪಾಯಿತು.

"ಅದು ನೀರು ಬೆರೆಸಿದ್ದಕ್ಕೆ," ಎಂದಳು ಒಳಗಿನಿಂದ ಜಬೀವುಲ್ಲಾನ ಹೆಂಡತಿ ಸಾಲೇಹಾ.

ಪಂಚಾಯ್ತಿ ಮೆಂಬರ್ ಉಜ್ಜಪ್ಪನವರು ಬಿಳಿ ಪಂಚೆ ಎತ್ತಿಕಟ್ಟಿ ತೀರ್ಪು ಕೊಟ್ಟರು. "ಸಂಜಿಯೊಳಗ ನೀಲಿ ನೀರು ನಿಲ್ಬೇಕು ಜಬೀವುಲ್ಲಾ. ಇಲ್ಲಂದ್ರ ನಿನ್ನ ಕಸುಬಿಗೆ ಬೀಗ."

ಪುಣ್ಯಕ್ಕೆ ಬಾಮೈದ ಅಮೀರ್ ಜಾನ್ ರಜೆಗೆ ಬಂದಿದ್ದ. ಬೊಂಬಾಯಿಯ ಬಣ್ಣದ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಅಲ್ಲಿ ಬೇಡವೆಂದು ಕೊಟ್ಟ ಕೊಳವೆಯೊಂದನ್ನು ಚಾದರದಲ್ಲಿ ಸುತ್ತಿ ತಂದಿದ್ದ.

"ಭಾವ, ಇದರೊಳಗ ತೆಳ್ಳನೆ ಪೊರೆ ಐತಿ. ಅದರ ತೂತು ಕಣ್ಣಿಗೂ ಕಾಣಲ್ಲ. ಪಂಪಿನಿಂದ ಒತ್ತಿದ್ರ ನೀರು ಮಾತ್ರ ತೂರಿ ಬರ್ತೈತಿ, ನೀಲಿ ಒಳಗೇ ಉಳೀತೈತಿ. ನೀಲಿ ವಾಪಸ್ ಹಂಡೆಗೆ, ನೀರು ವಾಪಸ್ ನೂಲು ತೊಳೆಯಾಕ."

"ಸೆರಗಿನಾಗ ಸೋಸಿದಂಗ?"

"ಸೆರಗಿನ ತೂತು ದೊಡ್ಡವು. ಅದರಾಗ ನೀಲಿ ನಿಲ್ಲಂಗಿದ್ರ ಈ ಕೊಳವೆ ಯಾಕ ಹೊತ್ತು ತರ್ತಿದ್ದೆ ಭಾವ?"

ಬಾವಿಯ ಪಂಪನ್ನು ನೂಲು ತೊಳೆದ ನೀರಿಗೆ ಇಳಿಸಿ, ಕೊಳವೆಗೆ ಜೋಡಿಸಿ ಚಾಲೂ ಮಾಡಿದರು. ಪೈಪು ಕಿತ್ತುಕೊಂಡು, ಬಾಲ ತುಳಿಸಿಕೊಂಡ ಹಾವಿನಂತೆ ಎದ್ದು, ಮೇಲ್ವಿಚಾರಣೆಗೆ ಬಂದಿದ್ದ ಉಜ್ಜಪ್ಪನವರನ್ನೇ ಹುಡುಕಿಕೊಂಡು ಹೋಯಿತು. ಪಂಚೆ ಕುರಿಗಳ ಪಕ್ಷ ಸೇರಿತು. ಜಬೀವುಲ್ಲಾ ಕಣ್ಣು ಮುಚ್ಚಿ ಬೀಗದ ಸದ್ದಿಗೆ ಕಾದ. ಅಮೀರ್ ಜಾನ್ ಮಾತ್ರ ಸೈಕಲ್ ಟ್ಯೂಬು ಹರಿದು ಪೈಪಿಗೆ ಬಿಗಿದು ಮತ್ತೆ ಸ್ವಿಚ್ ಒತ್ತಿದ.

ಕೊಳವೆಯಿಂದ ಹನಿಯೊಂದು ಇಳಿಯಿತು. ಆಮೇಲೆ ಧಾರೆ. ಬಾವಿ ನೀರಿನಷ್ಟು ತಿಳಿ.

ಉಜ್ಜಪ್ಪನವರು ಒಂದು ಲೋಟ ಹಿಡಿದು ಬಾಯಿಗೆತ್ತಿದರು.

"ಕುಡೀಬ್ಯಾಡ್ರೀ," ಜಬೀವುಲ್ಲಾ ಕೈ ಹಿಡಿದ. "ಬಣ್ಣ ಹೋಗೇತಿ, ಬಣ್ಣದ ಜೋಡಿ ಹಾಕಿದ ಸೋಡಾ ಹೋಗಿಲ್ಲ."

ಬಾವಿ ನೀರಿನಲ್ಲಿ ಎಷ್ಟು ತಿಕ್ಕಿದರೂ ಕುರಿಗಳು ಆಕಾಶದ ಬಣ್ಣಕ್ಕಿಂತ ಕೆಳಗಿಳಿಯಲಿಲ್ಲ. "ಇರ್ಲಿ ಬಿಡ್ರೀ, ತಪ್ಪಿಸಿಕೊಂಡ್ರ ಹುಡುಕಾಕ ಸಲೀಸು," ಎಂದು ಲೋಕಪ್ಪ ನಗುತ್ತಾ ಹೊರಟ. ಉಜ್ಜಪ್ಪನವರು ನೀಲಿ ಪಂಚೆಯಲ್ಲೇ ಜಬೀವುಲ್ಲಾನಿಗೆ ಹಾರ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಒಳಗೆ ಹೋಗಿ ಕೂತ ಜಬೀವುಲ್ಲಾನಿಗೆ ಸಾಲೇಹಾ ಕೊಟ್ಟ ಚಹಾ ಅಂದು ಎಂದಿಗಿಂತ ಸಿಹಿ ಎನಿಸಿತು.

ಅಷ್ಟರಲ್ಲಿ ಹೊರಗೆ ಗುದ್ದಲಿ ಸದ್ದು. ಓಡಿಬಂದು ನೋಡಿದರೆ ಬೀದಿಯವರೆಲ್ಲ ಸೇರಿ ಚರಂಡಿಯನ್ನು ಅವನ ಹಿತ್ತಲಿನ ಕಡೆಗೆ ತಿರುಗಿಸುತ್ತಿದ್ದರು.

"ಏನ್ರೀ ಇದು ಉಜ್ಜಪ್ನೋರೇ?"

"ಇಂಥಾ ಮಿಷನ್ ಬರೇ ನಿನ್ನ ನೀರಿಗೆ ಮೀಸಲಾದ್ರ ಹೆಂಗಪ್ಪಾ? ತೊಗಲು ಹದ ಮಾಡಿದ ನೀರು, ಹೋಟ್ಲು ನೀರು, ಕೊಟ್ಟಿಗಿ ನೀರು, ಎಲ್ಲಾ ಇನ್ನ ನಿನ್ನ ಕಡೀಗೇ. ಊರಿಗೆ ಉಪಕಾರ."

ಜಬೀವುಲ್ಲಾ ಬಾಯಿ ತೆರೆಯುವಷ್ಟರಲ್ಲಿ ತಾಯಮ್ಮ ಗಂಜಲದ ಬಕೆಟ್ಟು ತಂದು ಅವನ ಕಾಲಬುಡಕ್ಕೆ ಸುರಿದಳು.

"ನಂದೇ ಬೋಣಿ," ಎಂದಳು.