ಎರಡೂ ಮನೆಯವಳಲ್ಲದ ನಮ್ಮ ಅಕ್ಕನ ಕಾಲಿನ ವಿಷಯವಾಗಿ

ವಾಹನ ವಿಮಾ ಕಂಪನಿಯ ಪರಿಹಾರ ವಿಭಾಗದ ದೊಡ್ಡ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ರಾಜೂರಿನಿಂದ ಗುರುಸಂಗಪ್ಪನವರ ಸಣ್ಣ ಮಗಳು ಉಮಾ ಕೈಮುಗಿದು ಬರೆಯುವುದು. ತಾವೂ ತಮ್ಮ ಕಚೇರಿಯ ತಂಪುಯಂತ್ರವೂ ಕ್ಷೇಮವೆಂದು ನಂಬಿದ್ದೇನೆ. ಎದುರಿಗೆ ಬಂದು ಮಾತನಾಡಲು ನನಗೆ ನಾಚಿಕೆಯಾಗುವುದರಿಂದ, ಊರವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ತಮ್ಮ ಉಪಕಾರ ನೆನೆಯಬೇಕು. ಅಪ್ಪನ ವ್ಯಾನಿಗೆ ತಾವು ಕೊಟ್ಟ ವಿಮೆಯಲ್ಲಿ, ಅಪಘಾತವಾದರೆ ಮಾಲೀಕನ ಜೊತೆ ವಾಸವಿರುವ ಮನೆಯವರ ದವಾಖಾನೆ ಖರ್ಚೂ ತಮ್ಮದೇ. ಕಳೆದ ತಿಂಗಳು ಯಾವಗಲ್ ಊರಿನ ಗಂಡನ ಮನೆಯಲ್ಲಿ ನನ್ನ ಬಸುರಿ ಅಕ್ಕ ಸುವರ್ಣಾಳ ಕುಬಸದ, ಅಂದರೆ ಸೀಮಂತದ, ಕಾರ್ಯ ಮುಗಿಸಿ, ಚೊಚ್ಚಲ ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರುತ್ತಿದ್ದೆವು. ರೋಣ ದಾಟಿದ ಮೇಲೆ, ಹೋಗಿಬರುವ ಗಾಡಿಗಳೇ ತುಳಿದು ಒಕ್ಕಲಿ ಎಂದು ಯಾರೋ ಡಾಂಬರಿನ ಮೇಲೆ ಹರವಿದ್ದ ಹೆಸರುಕಾಳಿನ ಗಿಡಗಳ ಮೇಲೆ ವ್ಯಾನು ಜಾರಿ ತಗ್ಗಿಗೆ ಇಳಿಯಿತು. ಅಪ್ಪನ ಹೆಬ್ಬೆರಳು ತರಚಿತು. ಅದರ ಪಟ್ಟಿಯ ಖರ್ಚನ್ನು ತಾವು ಬೆರಳು ಮಾಯುವ ಮೊದಲೇ ಕೊಟ್ಟಿರಿ. ಹೊಟ್ಟೆಯಲ್ಲಿನ ಕೂಸು ಸುಖವಾಗಿದೆ. ಅಕ್ಕನ ಕಾಲಿನ ಎಲುಬು ಮಾತ್ರ ಎರಡಾಯಿತು.

ನಮ್ಮ ಮಾವ, ಅಂದರೆ ಅಕ್ಕನ ಗಂಡ ಬಸವಪ್ರಸಾದನ ಕಾರಿಗೂ ತಮ್ಮದೇ ವಿಮೆ. ಅದರಲ್ಲಂತೂ ಅವನ ಮನೆಯಲ್ಲಿ ವಾಸವಿರುವವರು ಯಾರ ಗಾಡಿಯಿಂದ ಬಿದ್ದರೂ ತಾವು ನೋಡಿಕೊಳ್ಳುತ್ತೀರಿ. ಎರಡೆರಡು ವಿಮೆಯ ಆಸರೆಯಲ್ಲಿ ಬಿದ್ದವಳೆಂದು ನಾವು ಸ್ವಲ್ಪ ಹಿಗ್ಗಿದ್ದೂ ನಿಜ.

ವಿಚಾರಣೆಗೆಂದು ತಮ್ಮ ಸಾಹೇಬರು ಗದಗಿನ ದವಾಖಾನೆಗೆ ಬಂದು, ಮಂಚದ ಪಕ್ಕ ನಿಂತು, ಈಕೆ ಯಾರ ಮನೆಯವಳೆಂದು ಕೇಳಿದರು. ಅಕ್ಕನ ಅತ್ತೆ ಮಾನವ್ವನವರು ಎದುರಿಗಿದ್ದುದರಿಂದ ನಮ್ಮ ಅವ್ವ ಕಲ್ಲವ್ವ ಮರ್ಯಾದೆಗೆಂದು, “ಆಕಿ ಎಂದೋ ಇವರ ಮನಿಯಾಕಿ ಆಗ್ಯಾಳ್ರಿ ಸಾಹೇಬ್ರ, ನಮ್ಮದೇನೈತಿ” ಎಂದಳು. ಅವ್ವ ಎದುರಿಗಿದ್ದುದರಿಂದ ಮಾನವ್ವನವರೂ ಬಿಡದೆ, “ಹಂಗ್ಯಾಕಂತೀರಿ ಬೀಗ್ತಿ, ಬಾಣಂತನ ಮುಗಿಯೂತನಾ ಆಕಿ ನಿಮ್ಮಾಕಿ, ನಾವು ಬಂದು ನೋಡಿ ಹೋಗೋ ಮಂದಿ” ಎಂದರು. ಬೀಗರ ಮುಂದೆ ಹೀಗೆ ಬಿಟ್ಟುಕೊಡುವುದು ನಮ್ಮಲ್ಲಿ ರೂಢಿ, ಚಹಾ ಕೊಟ್ಟಾಗ ಮೊದಲು ಬೇಡ ಎನ್ನುವ ಹಾಗೆ. ಸಾಹೇಬರು ಇಬ್ಬರ ಮಾತನ್ನೂ ಅಕ್ಷರ ಬಿಡದೆ ಬರೆದುಕೊಂಡರು. ಅವರಿಗೆ ಚಹಾ ಕೊಟ್ಟಾಗ ಮೊದಲ ಸಲಕ್ಕೇ ತೆಗೆದುಕೊಂಡರು.

ಆಮೇಲೆ ತಮ್ಮ ಒಂದು ಮೇಜಿನಿಂದ ಅಪ್ಪನಿಗೆ, ಸುವರ್ಣಾ ಮದುವೆಯಾಗಿ ಹೋದವಳಾದ್ದರಿಂದ ಈ ಮನೆಯವಳಲ್ಲ ಎಂದು ಪತ್ರ ಬಂತು. ಪಕ್ಕದ ಮೇಜಿನಿಂದ ಮಾವನಿಗೆ, ಸುವರ್ಣಾ ತವರಿಗೆ ಹೊರಟವಳಾದ್ದರಿಂದ ಆ ಮನೆಯಲ್ಲಿ ವಾಸವಿಲ್ಲ ಎಂದು ಬಂತು. ಎರಡು ಮನೆಯ ಹೆಣ್ಣುಮಗಳಿಗೆ ಒಂದೂ ಮನೆ ಇಲ್ಲದಂತೆ ಮಾಡುವುದು ನಮ್ಮ ಸೀಮೆಯ ಎಂಥ ಜಗಳಗಂಟ ಬೀಗರಿಂದಲೂ ಈವರೆಗೆ ಆಗಿರಲಿಲ್ಲ. ತಾವು ಎರಡು ಹಾಳೆಯಲ್ಲಿ ಮುಗಿಸಿದಿರಿ.

ಆಪರೇಷನ್ ಮಾಡಿ ಎಲುಬಿಗೆ ಪ್ಲೇಟು ಹಾಕಿದರೆ ಅಕ್ಕ ಮೊದಲಿನಂತೆ ನಡೆಯುತ್ತಾಳೆ, ತಡವಾದರೆ ಕುಂಟುತ್ತಾಳೆ, ಹೆರಿಗೆ ಹತ್ತಿರವಾದಷ್ಟೂ ಕೈ ಹಚ್ಚುವುದು ಕಷ್ಟ ಎಂದು ಡಾಕ್ಟರು ಹೇಳುತ್ತಾರೆ. ತಮ್ಮ ಒಪ್ಪಿಗೆ ಬರುವವರೆಗೆ ದವಾಖಾನೆಯವರೂ ಸುಮ್ಮನಿದ್ದಾರೆ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ವ್ಯಾನು ಬಿದ್ದ ತಗ್ಗಿನಲ್ಲಿ ಅಕ್ಕನಿಗೊಂದು ಮೂರನೆಯ ಮನೆ ಕಟ್ಟಿಸಿ, ಅದಕ್ಕೊಂದು ವಿಮೆಯನ್ನೂ ಕೊಡಬೇಕು. ಯಾವಗಲ್ಲಿನಿಂದ ರಾಜೂರಿಗೆ ಬರುವ ದಾರಿಯಲ್ಲಿ ಗಂಡನ ಮನೆ ಎಲ್ಲಿ ಮುಗಿದು ತವರು ಎಲ್ಲಿ ಶುರುವಾಗುತ್ತದೆಂದು ಒಂದು ಕಲ್ಲು ನೆಡಿಸಿದರೆ, ಮುಂದಿನ ಬಸುರಿಯರು ನೋಡಿಕೊಂಡು ಬೀಳುತ್ತಾರೆ. ಕೂಸು ಯಾರ ಮನೆಯದೆಂದೂ ಈಗಲೇ ತಿಳಿಸಿದರೆ, ತೊಟ್ಟಿಲು ತರುವವರಿಗೆ ಅನುಕೂಲ.

ಇದೆಲ್ಲ ಆಗದಿದ್ದರೆ ಸಾಹೇಬರನ್ನು ಮತ್ತೊಮ್ಮೆ ಕಳಿಸಿ, ಅದೇ ಪ್ರಶ್ನೆ ಕೇಳಿಸಬೇಕು. ತಮ್ಮ ಪತ್ರಗಳು ಬಂದಾಗಿನಿಂದ ಇಬ್ಬರೂ ಬೀಗತಿಯರು ಮರ್ಯಾದೆ ಬಿಟ್ಟು, ನಮ್ಮಾಕಿ ನಮ್ಮಾಕಿ ಎಂದು ವಾರ್ಡಿನಲ್ಲೇ ಜಗಳಕ್ಕೆ ನಿಂತಿದ್ದಾರೆ. ನರ್ಸಮ್ಮ ಇಬ್ಬರನ್ನೂ ಹೊರಗೆ ಕಳಿಸಿದರೆ ಅಲ್ಲಿಯೂ ಅದೇ. ಈಗ ಕೇಳಿದರೆ ತಮಗೆ ಖರೇ ಉತ್ತರ ಸಿಗುತ್ತದೆ.

ಎರಡೂ ಮೇಜುಗಳಿಗೆ ಸಮನಾಗಿ ತಮ್ಮ ವಿಶ್ವಾಸಿ,
ಉಮಾ, ರಾಜೂರ
ಸದ್ಯಕ್ಕೆ ಅಪ್ಪನ ಮನೆಯವಳು. ಮದುವೆಯ ಮಾತು ನಡೆದಿದೆ, ಬದಲಾದರೆ ತಿಳಿಸುತ್ತೇನೆ.

ತಾ.ಕ.: ಅಕ್ಕನನ್ನೇ ಯಾರೂ ಕೇಳಿರಲಿಲ್ಲವಾದ್ದರಿಂದ ನಿನ್ನೆ ನಾನು ಕೇಳಿದೆ. “ಮೊದಲ ಕಾಲು ನೆಟ್ಟಗಾಗಲೆವ್ವಾ, ಯಾರ ಮನಿಯಾಕಿ ಅಂತ ಆಮ್ಯಾಲ ನಡಕೊಂತ ಹೋಗಿ ತೋರಸ್ತೀನಿ” ಎಂದಳು. ಸಾಹೇಬರು ಇದನ್ನೂ ಬರೆದುಕೊಳ್ಳಲಿ.